ಉಪ್ಪುಕಾಗದ

ಕೌಲ್ ಬಜಾರಿನ ಜೀನ್ಸ್ ಯೂನಿಟ್ಟಿನಲ್ಲಿ
ಹೊಸ ಪ್ಯಾಂಟನ್ನು ಹಳತು ಮಾಡುವವಳು ನಾನು.
ತೊಡೆಗೆ ನಾಲ್ಕು ಉಜ್ಜು, ಮೊಣಕಾಲಿಗೆ ಆರು,
ಯಾರೋ ಹತ್ತು ವರ್ಷ ಕೂತೆದ್ದ ಹಾಗೆ.
ತುಂಡಿಗೆ ಮೂರೂವರೆ ರೂಪಾಯಿ.

ಗಾದಿಲಿಂಗ ಕೊಂಡ ಕಾರನ್ನು
ಟ್ರಾಕ್ಟರು ಎಳೆದು ತಂದಿತು.
ಎರಡೇ ಬಾಗಿಲು, ಎರಡೇ ಸೀಟು,
ಬಸುರಿ ಬೆಕ್ಕಿನ ಹಾಗೆ ಹೊಟ್ಟೆ ನೆಲಕ್ಕೆ.
‘ಮನೇಲಿ ನಾಲ್ಕು ಮಂದಿ ಇದೀವಲ್ಲೋ’ ಅಂದರು ಅತ್ತೆ.
‘ಸರತಿ ಮೇಲೆ’ ಅಂದ.

ಮೈನ್ಸಿನ ಕಾಲದಲ್ಲಿ ಯಾರೋ ಧಣಿಯದಂತೆ.
ಆಮೇಲೆ ಹದಿಮೂರು ಬೇಸಗೆ ತಗಡಿನ ಶೆಡ್ಡಿನಲ್ಲಿ.
ಗುಂಡಿಗಳ ಮೇಲಿನ ಮೆತ್ತನೆಯ ಕಪ್ಪು
ಎಳೆಪಾಕಕ್ಕೆ ಬಂದಿತ್ತು.
ಮುಟ್ಟಿದವರ ಬೆರಳಿಗೆ ಅಂಟಿ,
ಬೆರಳಿಂದ ಸೀರೆಗೆ, ಕೊಡಕ್ಕೆ, ರೊಟ್ಟಿಗೆ.

ಅವನು ಸೀಮೆಎಣ್ಣೆ ಹಾಕಿ ತಿಕ್ಕಿದ.
ಒಂದು ಹಿಡಿ ಹಾವಿನ ಪೊರೆಯಂತೆ ಸುಲಿಯಿತು.
ಇನ್ನೊಂದಕ್ಕೆ ಎಂಬತ್ತರ ಉಪ್ಪುಕಾಗದ ಹಿಡಿದ,
ಚೌಕಟ್ಟು ಉಜ್ಜುವಂಥದ್ದು!
ನೋಡಲಾಗಲಿಲ್ಲ. ‘ಸರಿ ಆ ಕಡೆ’ ಅಂದೆ.

ಮೆಡಿಕಲ್ ಶಾಪಿನ ಸ್ಪಿರಿಟ್ಟು, ಹರಿದ ಬನಿಯನ್ನು,
ಹಲಗೆ ಕಳಚಲು ಮುದ್ದೆ ಕೋಲು
(ಸ್ಕ್ರೂಡ್ರೈವರ್ ಹಾಕಿದರೆ ಗಾಯವಾಗುತ್ತದೆ).
ಕ್ಲಿಪ್ಪು ಮುರಿದರೆ ನೆಟಿಕೆ ತೆಗೆದ ಸದ್ದು.
ಮೂರು ಸಲ ಕೇಳಿತು. ಎಣಿಸಿದವನು ಅವನು.
ತಿರುಪುಗಳೆಲ್ಲ ಸುಂಕ್ಲಿಯ ಕಂಪಾಸ್ ಪೆಟ್ಟಿಗೆಗೆ.

ನಾನೂರು. ನೀರು. ಎಂಟುನೂರು. ನೀರು. ಸಾವಿರದೈನೂರು.
ಪ್ಯಾಂಟಿಗಾದರೆ ಒತ್ತಬೇಕು.
ಇದಕ್ಕೆ ಕೈಯ ಭಾರವನ್ನೂ ಕೊಡಬಾರದು,
ನಿದ್ದೆ ಹೋದ ಕೂಸಿನ ಮೂಗು ಒರೆಸಿದ ಹಾಗೆ.
ಬಾಗಿಲ ಹಿಡಿಯ ಬಳಿ ಧಣಿಯ ಉಗುರು ಗೀರಿತ್ತು,
ಒಂದೇ ಜಾಗ, ಮತ್ತೆ ಮತ್ತೆ.
ಇಂಥದ್ದೇ ಸವಕಲು ಬರಲೆಂದು ನಮ್ಮ ಮೇಸ್ತ್ರಿ
ಸ್ಯಾಂಪಲ್ ಹಿಡಿದು ಬೈಯುತ್ತಾನೆ.
ಇದು ಯಾರೂ ಹೇಳಿ ಮಾಡಿಸಿದ್ದಲ್ಲ,
ಯಾವುದಕ್ಕೋ ಕಾಯುತ್ತ ಗೀರಿದ್ದು.
ಎಂಟುನೂರಕ್ಕೆ ಹೋಯಿತು.

ಗೇರಿನ ಸುತ್ತಲ ಹಲಗೆ ಎತ್ತಿದರೆ
ಒಂದು ಬೊಗಸೆ ಕೆಂಪು ಧೂಳು.
ಮೂಸಿ ನೋಡಬೇಕಿರಲಿಲ್ಲ, ಆದರೂ ಮೂಸಿದೆ.
ಹನ್ನೊಂದು ವರ್ಷದವಳು, ಸಂಡೂರಿನ ಆಚೆ,
ಜರಡಿ ಹಿಡಿದು ಅದಿರು ಸಾಣಿಸಿದ್ದೆ.
ಉಗುಳಿದರೆ ಕೆಂಪು, ಮಿಂದರೆ ಕೆಂಪು,
ಅವ್ವನ ಹಣೆಯ ಮೇಲೆ ಕುಂಕುಮ ಯಾವುದೋ ಧೂಳು ಯಾವುದೋ.
‘ಏನದು?’ ಅಂದ ಗಾದಿಲಿಂಗ.
‘ಮಣ್ಣು.’
ಮೊರಕ್ಕೆ ತುಂಬಿ ಬೀದಿಗೆ ಚೆಲ್ಲಿದೆ.
ಬೀದಿಯೂ ಅದೇ ಬಣ್ಣ.

ಪೇಂಟು ಹೊಡೆದದ್ದು ನಸುಕಿಗೆ.
ಬಿಸಿಲೇರಿದರೆ ಡಬ್ಬಿಯಿಂದ ಹೊರಟದ್ದು
ಗಾಳಿಯಲ್ಲೇ ಒಣಗಿ ಪುಡಿಯಾಗುತ್ತದೆ.
ಮಾಳಿಗೆಯ ಬಟ್ಟೆ ಹಗ್ಗಕ್ಕೆ ಚೂರುಗಳನ್ನು ನೇತುಹಾಕಿ,
ಸುತ್ತ ಸೊಳ್ಳೆಪರದೆ ಕಟ್ಟಿ,
ತೆಳ್ಳಗೆ ಒಂದು ಕೈ, ತಡೆದು ಇನ್ನೊಂದು,
ಟೀ ಕುಡಿದು ಮತ್ತೊಂದು.
ಎದುರು ಮಾಳಿಗೆಯವಳು ಕೇಳಿದಳು:
‘ಮೀನು ಒಣಗಿಸ್ತೀಯೇನೇ?’

ಎಲ್ಲ ಕೂಡಿಸಿದ ಮೇಲೆ ತಿಳಿಯಿತು,
ಅಂಟಿನ ಜೊತೆ ಗುರುತುಗಳನ್ನೂ ಉಜ್ಜಿದ್ದೆ.
ಹನ್ನೆರಡು ಗುಂಡಿ, ಹನ್ನೆರಡೂ ಬೋಳು.

ಲಾರಿಯ ಬ್ಯಾಟರಿ ಎರವಲು ತಂದು ತಂತಿ ಕಟ್ಟಿದ.
ಇಂಜಿನ್ನು ಇನ್ನೂ ಹೊನ್ನೂರಸಾಬನ ಶೆಡ್ಡಿನಲ್ಲಿ
ಬಿಚ್ಚಿಕೊಂಡು ಮಲಗಿದೆ, ಅದರ ಮಾತು ಬೇರೆ.
ಸ್ಟೀರಿಂಗಿನ ಹಿಂದೆ ನಾನು, ಪಕ್ಕಕ್ಕೆ ಸುಂಕ್ಲಿ.
ಹೊರಗೆ ನಿಂತವನಿಗೆ ‘ಸರತಿ’ ಅಂದೆ.

ಒಂದು ಒತ್ತಿದೆ: ಏನೂ ಇಲ್ಲ.
ಇನ್ನೊಂದಕ್ಕೆ ಕಿಟಕಿಯ ಗಾಜು
ಅರ್ಧ ಇಳಿದು ಯೋಚಿಸುತ್ತ ನಿಂತಿತು.
ಮೂರನೆಯದಕ್ಕೆ ಎಲ್ಲೋ ಆಳದಲ್ಲಿ ಫ್ಯಾನು ಕೆಮ್ಮಿ
ಜಾಲರಿಯಿಂದ ಭುಸ್ಸನೆ
ಕೆಂಪು,
ನನ್ನ ಹೊಸ ಕಪ್ಪಿನ ಮೇಲೆಲ್ಲ.

ಯಾರೂ ಮಾತಾಡಲಿಲ್ಲ.
ಸುಂಕ್ಲಿ ಬಗ್ಗಿ ಆ ಗುಂಡಿಯ ಪಕ್ಕದ ಧೂಳಿನಲ್ಲಿ
‘ಗಾಳಿ’ ಅಂತ ಬರೆಯಹೊರಟಳು.
‘ಗಾ’ ಆಯಿತು.
‘ಳಿ’ಗೆ ಬೆರಳು ತಿರುಗಿಸುವಷ್ಟರಲ್ಲಿ
ಫ್ಯಾನು ನಿಂತಿತ್ತು.