ನೂರಾ ಎಂಟು

ಸಿಲ್ವಾನನ ರಕ್ತದಲ್ಲಿ ಉಪ್ಪಿಲ್ಲವಂತೆ.
ಇಜೋಲಾ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ
ಚಿಕ್ಕ ಡಾಕ್ಟರು ತ್ಯಾಷಾ ಚೀಟಿ ತೋರಿಸಿದಾಗ
ನನಗೆ ನಗು ಬಂತು, ತಡೆಯಲಾಗಲಿಲ್ಲ.
ನಲವತ್ತು ಬೇಸಿಗೆ ಸೆಚೋವ್ಲೆಯ ಉಪ್ಪಿನ ಗದ್ದೆಗಳಲ್ಲಿ
ಸಮುದ್ರವನ್ನು ಒಣಗಿಸಿ ಗುಡ್ಡೆ ಹಾಕಿದವನು.
ಸಂಜೆ ಅಂಗಿ ಬಿಚ್ಚಿ ಗೋಡೆಗೆ ಒರಗಿಸಿದರೆ
ತಾನೇ ನಿಲ್ಲುತ್ತಿತ್ತು ಅಂಗಿ.

ಸೋಡಿಯಂ ನೂರಾ ಮೂವತ್ತೈದಾದರೂ ಇರಬೇಕು,
ನೂರಾ ಎಂಟಿದೆ, ಅಂದಳು.
ಶ್ವಾಸಕೋಶದ ಗಂಟು ಸುಳ್ಳು ಸುದ್ದಿ ಕಳಿಸುತ್ತದಂತೆ:
ಬರಗಾಲ ಬಂತು, ನೀರು ಬಿಡಬೇಡಿ.
ನಂಬಿದ ಮೂತ್ರಪಿಂಡ ತೂಬು ಮುಚ್ಚಿ ಕೂತಿದೆ.
ಮಿದುಳು ನೆನೆದ ಬ್ರೆಡ್ಡಿನಂತೆ ಊದಿದೆ.

ಅವನೋ, ಹಾಸಿಗೆಯ ಚಾದರವನ್ನು
ಅಂಗೈಯಂಚಿನಿಂದ ಬಳಿಯುತ್ತಿದ್ದ,
ತನ್ನ ಕಡೆಗೆ, ತನ್ನ ಕಡೆಗೆ.
"ಬೇಗ, ಎಮೀಲ್, ಸವುದ್ರಿಯಾ ಮೇಲೆ ಮೋಡ."
ಎಮೀಲ್ ಅವನ ತಮ್ಮ. ಸತ್ತು ಹನ್ನೊಂದು ವರ್ಷ.
ನನ್ನನ್ನು ಕಂಡು "ಯಾರ ಮಗಳು ನೀನು?" ಅಂದ.
ಹೇಳಿದೆ.
"ಮದುವೆ ಗೊತ್ತಾಗಿದೆಯೇ?"
ಪಕ್ಕದ ಹಾಸಿಗೆಯವರು ಟಿವಿ ಸದ್ದು ಕಡಿಮೆ ಮಾಡಿದರು.

ಉಪ್ಪು ತಿಂದವನು ನೀರು ಕುಡಿಯಲೇಬೇಕು.
ಇವನಿಗೆ ಅದೂ ಇಲ್ಲ.
ದಿನಕ್ಕೆ ಮೂರು ಲೋಟ, ಅದೂ ಗೆರೆ ಹಾಕಿದ್ದು. ತುಟಿಗೆ ಒದ್ದೆ ಹತ್ತಿ.
ಸೂಜಿಯಲ್ಲಿ ಉಪ್ಪುನೀರು, ಒಂದು ಹನಿ,
ತುಂಬ ಹೊತ್ತಾದ ಮೇಲೆ ಇನ್ನೊಂದು.
ಜಾಸ್ತಿ ಬಿಡಬಾರದೇ, ಅಂದೆ.
ದಿನಕ್ಕೆ ಎಂಟರ ಮೇಲೆ ಏರಬಾರದು,
ಅವಸರಪಟ್ಟರೆ ಮಿದುಳಿನ ಬುಡವೇ ಸುಟ್ಟೀತು, ಅಂದಳು.
ಇಷ್ಟು ಹೊತ್ತು ಅವಳು ಹೇಳಿದ್ದರಲ್ಲಿ
ಇದೊಂದು ನನಗೆ ಪೂರ್ತಿ ಅರ್ಥವಾಯಿತು.
ಅವಸರಕ್ಕೆ ಬಳಿದ ಉಪ್ಪಿಗೆ ಕೆಸರು ಅಂಟಿ ಬರುತ್ತದೆ.

ನೂರಾ ಹದಿನಾಲ್ಕು. ನೂರಾ ಹತ್ತೊಂಬತ್ತು.
ನೂರಾ ಇಪ್ಪತ್ತೈದಕ್ಕೆ ಕೈ ನಿಂತಿತು.
ನೂರಾ ಇಪ್ಪತ್ತೊಂಬತ್ತರ ಬೆಳಗ್ಗೆ
"ನಿವೆಸ್, ಕನ್ನಡಕ ಎಲ್ಲಿಟ್ಟೆ?"

ತ್ಯಾಷಾ ಮುಖದಲ್ಲಿ ಹಬ್ಬ.
ಎಲ್ಲ ಮರಳಿ ಬಂದಿದೆ, ಅಂದಳು.
ಹೌದು, ಎಲ್ಲ.
ಐದು ದಿನ ಅವನಿಗೆ ಕ್ಯಾನ್ಸರ್ ಇರಲಿಲ್ಲ.
ಐದು ದಿನ ತಮ್ಮ ಬದುಕಿದ್ದ, ಮಳೆ ಇನ್ನೂ ಆಚೆ ದಂಡೆಯಲ್ಲಿತ್ತು,
ನಾನು ಯಾರದೋ ಮಗಳಾಗಿದ್ದೆ.
ಕನ್ನಡಕ ಏರಿಸಿದ. ಕೈಯ ಸೂಜಿ ನೋಡಿದ.
ಎದೆ ಮುಟ್ಟಿಕೊಂಡು,
"ಅದು ಇನ್ನೂ ಇದೆಯೇ?"

ಮೊದಲ ಸಲ ದೊಡ್ಡ ಡಾಕ್ಟರು ಹೇಳಿದ್ದರು.
ಈ ಸಲ ನಾನು.
ಲೋಟದ ಗೆರೆಯ ಕೆಳಗೆ ಎರಡು ಗುಟುಕು ಉಳಿದಿತ್ತು,
ಕುಡಿಸಿದೆ.
ಮದುವೆ ಗೊತ್ತಾಗಿದೆಯೇ ಎಂದು ಕೇಳಿದ್ದನ್ನು ಹೇಳಲಿಲ್ಲ,
ಇಲ್ಲ ಎಂದು ನಾನು ತಲೆಯಾಡಿಸಿದ್ದನ್ನೂ.