ಹಗುರಾದದ್ದರ ಲೆಕ್ಕ

ಝವೇರಿ ಬಜಾರಿನಿಂದ ಕಡ ತಂದ ತಕ್ಕಡಿ.
ನಿನ್ನೆ ಮಂಗಳಸೂತ್ರ ತೂಗಿದ ತಟ್ಟೆಯಲ್ಲಿ ಇವತ್ತು
ಅರವತ್ತೆರಡರ ಫಿಯೆಟ್ಟಿನ ನಾಲ್ಕು ಪಿಸ್ಟನ್ನು.

ಮೂರನೆಯದು ಎರಡೂವರೆ ಗ್ರಾಂ ಕಮ್ಮಿ.
"ಸೇರಿಸ್ಲಿಕ್ಕೆ ಆಗುದಿಲ್ಲ ಮಾರಾಯ," ಅಂದರು ಇದಿನಬ್ಬ,
"ಉಳಿದ ಮೂರೂ ಇದರ ಮಟ್ಟಕ್ಕೆ ಇಳೀಬೇಕು."

ಅರ ಹಿಡಿದೆ. ಒಳಮೈಯಿಂದ ಮಾತ್ರ,
ಹೊರಗೋಡೆಗೆ ತಾಗದ ಹಾಗೆ
ಉಜ್ಜು, ತೂಗು, ಮತ್ತೆ ಉಜ್ಜು.
ಅಂಗೈ ಗೆರೆಗಳಲ್ಲೆಲ್ಲ ಬೆಳ್ಳನೆ ಪುಡಿ.
ಮೈಕ್ರೋಮೀಟರು ತುಂಬ ಹೊತ್ತು ಹಿಡಿಯಬಾರದು;
ಕೈಬಿಸಿಗೂ ಉಕ್ಕು ಉಬ್ಬುತ್ತದಂತೆ.

ಹತ್ತೊಂಬತ್ತನೆಯ ದಿನ ಎಂಜಿನ್ನು ಎದ್ದಿತು.
ಅದರ ನೆತ್ತಿಯ ಮೇಲೆ ರೂಪಾಯಿ ನಾಣ್ಯ
ನೆಟ್ಟಗೆ ನಿಲ್ಲಿಸಿ, ಕಟಿಂಗ್ ಚಾ ಹೀರಿದರು.

ನಾಣ್ಯ ಬಿತ್ತು.
ಬೈಕುಲಾದ ಗೋಡೆಯಾಚೆ ಕಲ್ಯಾಣ್ ಫಾಸ್ಟು ಹೋಗುತ್ತಿತ್ತು.
"ಅದು ನಮ್ಮ ನಡುಕ ಅಲ್ಲ," ಅಂದರು,
ಬಗ್ಗಿ ಹೆಕ್ಕಿದರು.