ಹನ್ನೊಂದು ಕಾರ್ಡು

ಕ್ಯಾಸೆಟ್ಟಿನ ಮೇಲೆ ನನ್ನದೇ ಅಕ್ಷರ:
‘ಸೊಲ್ಲಾಪುರ, ಮೇ ತಿಂಗಳು, ಯೇಮುಲ, ಎರಡನೇ ಬದಿ.’
ಹಾಕಿದರೆ ಮಗ್ಗ.
ಬರೀ ಮಗ್ಗ. ಖಟಕ್ ಖಟಕ್ಕಿನ ಸಂದಿಯಲ್ಲಿ
ನನ್ನ ಪ್ರಶ್ನೆ ಯಾರೋ ಕೆಮ್ಮಿದಂತೆ ಕೇಳುತ್ತದೆ.

ಹೊಸದನ್ನು ಯೋಚಿಸುವವರ ಜೊತೆ ಮಾತು
ವಾರಕ್ಕೊಂದು, ಮೂರನೆಯ ಪುಟದಲ್ಲಿ.
ಪುಟಗಳೇ ನಾಲ್ಕು.
ಫೋಟೋಕ್ಕೆ ಜಾಗವಿಲ್ಲ, ಪಗಾರಕ್ಕೆ ಮೊದಲೇ ಇಲ್ಲ.
ನನಗಾಗ ಇಪ್ಪತ್ತಾರು; ಹೆಗಲಲ್ಲಿ ಟೇಪು,
ಬಾಯಲ್ಲಿ ಎಲ್ಲರಿಗೂ ಅದೇ:
ಇದು ನಿಮಗೆ ಹೊಳೆದದ್ದು ಹೇಗೆ?

ನೀರಿನ ವಾಲ್ವು ತಿರುಗಿಸುವ ದಸ್ತಗೀರ ನದಾಫ
ನಕ್ಕುಬಿಟ್ಟ.
ಜೇಬಿನಿಂದ ತೆಗೆದ ಅವನ ನಕಾಶೆಯಲ್ಲಿ ರಸ್ತೆಗಳೇ ಇರಲಿಲ್ಲ,
ತಾಸುಗಳಿದ್ದವು. ಐದೂವರೆಯ ಊರು, ಒಂಬತ್ತರ ಊರು,
ರಾತ್ರಿ ಎರಡಕ್ಕೆ ಎದ್ದು ಕೊಡ ಹಿಡಿಯುವ ಊರು.
‘ಸೊಲ್ಲಾಪುರ ಅಂದ್ರ ಜಾಗ ಅಲ್ಲ ಆಪಾ, ಸರದಿ.
ಎರಡರ ಊರಿಗೆ ಮಾತ್ರ ಹೆಣ್ಣು ಕೊಡಬ್ಯಾಡ್ರಿ.’
ಅವನಂದದ್ದು ಉರ್ದು, ನಾನು ಬರೆದುಕೊಂಡದ್ದು ಕನ್ನಡ.
ನಡುವೆ ಎಷ್ಟು ಸೋರಿತೋ,
ಅದಕ್ಕೆ ವಾಲ್ವಿಲ್ಲ.

ಸುಗಲಾ ಹತ್ತೂರೆ ಟೀಚರು
ಮೂವತ್ತೆಂಟು ಮಕ್ಕಳ ಕೈಗೆ ಥರ್ಮಾಮೀಟರು ಕೊಟ್ಟು
ಪತ್ರಾಸಿನ ಮನೆ, ಸ್ಲ್ಯಾಬಿನ ಮನೆ, ಬೇವಿನ ಬುಡ,
ಮಧ್ಯಾಹ್ನ ಮೂರಕ್ಕೆ ಒಟ್ಟಿಗೇ ಓದಿಸಿದರು.
ಸರ್ಕಾರದ ಲೆಕ್ಕಕ್ಕೂ ಪತ್ರಾಸಿನ ಲೆಕ್ಕಕ್ಕೂ ಆರು ಡಿಗ್ರಿ.
‘ಪೇಪರಿನ್ಯಾಗ ಬರೋ ಬಿಸಲು ಯಾರ ಮನೀದು?’
ಅದನ್ನೇ ತಲೆಬರಹ ಮಾಡಿದೆ.
ಕಲಶೆಟ್ಟಿಯವರಿಗೆ ಹಿಡಿಸಲಿಲ್ಲ.

ಕಲಶೆಟ್ಟಿ ನಮ್ಮ ಸಂಪಾದಕರು; ಅವರದೂ ಒಂದು ತಲೆಯೇ.
ಮೊದಲ ಪುಟದಲ್ಲಿ ಒಂದು ಅಂಕಣ ಖಾಲಿ ಬಿಡುತ್ತಿದ್ದರು:
ಓದಿದವರು ತುಂಬಿ ತಿರುಗಿ ಕಳಿಸಲಿ.
ತಿರುಗಿ ಬಂದದ್ದು ಕಿರಾಣಿ ಲೆಕ್ಕ,
ಹುಡುಗನೊಬ್ಬನ ಸಹಿ ನಲವತ್ತು ಸಲ,
ಶೇಂಗಾ ಚಟ್ನಿ ಕಟ್ಟಿ ತಂದ ಎಣ್ಣೆ.
ಎಲ್ಲವನ್ನೂ ಅಚ್ಚು ಹಾಕಿದರು.
ಎಣ್ಣೆಯ ಕಲೆಗೂ ಬ್ಲಾಕು ಮಾಡಿಸಿದರು.

ಯೇಮುಲ ಮಾತ್ರ ಮಾತಾಡಲಿಲ್ಲ.
ಅಥವಾ ಆಡಿದರು, ಮಗ್ಗ ನುಂಗಿತು.
ಚಾದರಿಗೆ ನವಿಲು ಸಾಕು, ಬೀದಿಯ ಸದ್ದು ನೇಯೋಣ ಎಂದು
ಎರಡು ಕಾರಖಾನೆ ಬಿಡಬೇಕಾಯಿತಂತೆ.
ನನ್ನ ಪ್ರಶ್ನೆ ಕೇಳಿ ಪಂಚು ಎತ್ತಿಕೊಂಡರು,
ರಟ್ಟಿನ ಮೇಲೆ ತೂತು ಹೊಡೆಯತೊಡಗಿದರು.
ಒಂದು ಕಾರ್ಡು. ಎರಡು.
ಎಡಗೈ ನನ್ನ ಕಡೆ, ಇರಮ್ಮಾ, ಇರು, ಎಂಬಂತೆ.
ಹನ್ನೊಂದನೆಯದಕ್ಕೆ ಟೇಪು ಟಪ್ಪೆಂದಿತು.
ಬದಿ ಮುಗಿಯಿತೆಂದು ನಾನೇ ಎದ್ದೆ,
ಅಕ್ಕಲಕೋಟೆಯ ಕೊನೆಯ ಬಸ್ಸು ಬೇರೆ.
ಅವರು ಹನ್ನೊಂದನ್ನೂ ದಾರದಲ್ಲಿ ಪೋಣಿಸಿ ಕೊಟ್ಟರು.

ಮೊನ್ನೆ ಹುಡುಕಿಕೊಂಡು ಹೋದೆ.
ಯೇಮುಲ ಇಲ್ಲ. ಆ ಗಲ್ಲಿಯ ಮಗ್ಗಗಳಿಗೆ
ಈಗ ಪೆನ್‌ಡ್ರೈವು ಚುಚ್ಚಿದರಾಯಿತು.
ಹಳೆಯದೊಂದು ಉಳಿದಿದ್ದ ಶೆಡ್ಡು ಸಿಕ್ಕಿತು ಕೊನೆಗೆ.
ರಜಿತಾ ಎಂಬ ಹುಡುಗಿ ಧೂಳು ಒರೆಸಿ, ಕಾರ್ಡು ಏರಿಸಿ,
ಹನ್ನೊಂದು ಸಲ ಲಾಳಿ ಓಡಿಸಿದಳು.

ಇಷ್ಟೇ ಬಂತು: ಉಗುರಿನ ಅರ್ಧದಷ್ಟು ಪಟ್ಟಿ,
ಬಿಳಿಯ ಮೇಲೆ ಕೆಂಪು.
ಆನೆಯ ಪಾದವಿರಬಹುದು. ಬೀದಿಯಿರಬಹುದು.
ಯಾವುದೋ ಅಕ್ಷರದ ತಳ,
ಕನ್ನಡದ್ದೋ ತೆಲುಗಿನದೋ,
ಅಷ್ಟು ಕೆಳಗೆ ಎರಡೂ ಒಂದೇ.

‘ಒಂದು ಕಾರ್ಡು ಅಂದ್ರ ಒಂದು ಎಳಿ, ಮೇಡಂ.
ಒಂದು ಹೂವು ಮೂಡಾಕ ನಾನೂರು ಬೇಕು.
ಉಳಿದದ್ದು ಎಲ್ಲಿ?’

ಮಗ್ಗ ನಿಂತಿತ್ತು.
ಪ್ರಶ್ನೆ ಚೊಕ್ಕವಾಗಿ ಕೇಳಿಸಿತು,
ನನ್ನ ಯಾವ ಕ್ಯಾಸೆಟ್ಟಿನಲ್ಲೂ ಕೇಳಿಸದಷ್ಟು.

‘ಬಸ್ಸಿತ್ತು’ ಅಂದೆ.